ದಡದ ಕಿತ್ತಳೆ ದೀಪ ಮಿನುಗುತ್ತಿದ್ದುದು ನಿಮಗೇ

ಪ್ರಶ್ನೆ: ನಾವಿರುವುದು ಜರ್ಮನಿಯ ಫ್ರೀಡ್ರಿಕ್ಸ್‌ಹಾಫನ್‌ನಲ್ಲಿ. ಊರು ದಾವಣಗೆರೆ ಕಡೆ. ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದಾಗ ಬೋಡನ್ ಸರೋವರದಲ್ಲಿ ಪೆಡಲ್ ಬೋಟ್ ತಗೊಂಡು ಹೋಗಿದ್ದೆವು. ಒಳ್ಳೇ ಬಿಸಿಲಿತ್ತು. ದಡದ ಕಂಬದ ಮೇಲೆ ಒಂದು ಕಿತ್ತಳೆ ದೀಪ ಮಿನುಗಲು ಶುರುವಾಯಿತು. ಅಮ್ಮ ‘ಅದ್ಯಾಕೆ ಹಾಗೆ ಹೊಡ್ಕೊಳ್ತಿದೆ?’ ಅಂದರು. ‘ರಸ್ತೆ ರಿಪೇರಿ ಇರಬೇಕು’ ಅಂದೆ. ಸ್ವಲ್ಪ ಹೊತ್ತಿಗೆ ಬೋಟ್ ಬಾಡಿಗೆಯವನು ದಡದಿಂದ ಕೈ ಬೀಸಿ ಕೂಗಿದ. ದಡ ಮುಟ್ಟಿ ಹತ್ತು ನಿಮಿಷ ಆಗಿರಲಿಲ್ಲ, ಛತ್ರಿಗಳೆಲ್ಲ ಹಾರಿಹೋಗುವಂಥ ಗಾಳಿ. ಆ ದೀಪದ ಲೆಕ್ಕ ಏನು? ನಮ್ಮ ಕಡೆ ಕೆರೆಗಳಲ್ಲಿ ಯಾಕೆ ಇಂಥದ್ದಿಲ್ಲ? ಫೋನಿಗೆ ಬರುವ ಅಲರ್ಟ್ ಸಾಲದೇ? ಊರಲ್ಲಿ ನಮ್ಮ ಮಾವ ಕೆರೆ ಸಮಿತಿಯಲ್ಲಿದ್ದಾರೆ. ಬೋಟಿಂಗ್ ಶುರುವಾಗಿದೆ, ಒಂದು ಸೈರನ್ ಹಾಕಿಸೋಣ ಅಂತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ರಸ್ತೆ ರಿಪೇರಿ ಅಂದುಕೊಂಡವರು ನೀವೊಬ್ಬರೇ ಅಲ್ಲ, ಬೇಜಾರು ಮಾಡ್ಕೋಬೇಡಿ. ಆ ದೀಪ ನೋಡಿದ ಪ್ರವಾಸಿಗಳಲ್ಲಿ ಅರ್ಧ ಜನ ಹಾಗೇ ಅಂದುಕೊಳ್ಳುತ್ತಾರೆ ಅಂತ ನನ್ನ ಅನುಮಾನ. ನಿಮ್ಮ ಅಮ್ಮ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ.

ಮೊದಲು ದೀಪದ ಲೆಕ್ಕ. ಬೋಡನ್ ಸರೋವರ 536 ಚದರ ಕಿಲೋಮೀಟರ್ ದೊಡ್ಡದು, ಉದ್ದ 63 ಕಿ.ಮೀ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳ ದಡ ಅದಕ್ಕಿದೆ. ಮೂರು ದೇಶಕ್ಕೂ ಸಂಕೇತ ಒಂದೇ. ದೀಪ ನಿಮಿಷಕ್ಕೆ 40 ಸಲ ಮಿನುಗಿದರೆ ‘ಜೋರು ಗಾಳಿ ಬರಬಹುದು’ ಅಂತ. 25ರಿಂದ 33 ನಾಟ್, ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 46ರಿಂದ 61 ಕಿ.ಮೀ. ವೇಗದ ಬೀಸು. ನಿಮಿಷಕ್ಕೆ 90 ಸಲ ಮಿನುಗಿದರೆ ‘ಬಿರುಗಾಳಿ’. 34 ನಾಟ್, ಅಂದರೆ ಗಂಟೆಗೆ 63 ಕಿ.ಮೀ. ಅಥವಾ ಅದಕ್ಕೂ ಜಾಸ್ತಿ. ನೀರಿನ ಮೇಲೆ ಕೂತು ಯಾರೂ 40, 90 ಅಂತ ಎಣಿಸುವುದಿಲ್ಲ. ಎಣಿಸಬೇಕಾಗಿಯೂ ಇಲ್ಲ. 40 ಅಂದರೆ ಒಂದೂವರೆ ಸೆಕೆಂಡಿಗೆ ಒಂದು ಸಲ. ನಿಧಾನ, ಉಸಿರಾಡಿದ ಹಾಗೆ. 90 ಅಂದರೆ ಆಂಬುಲೆನ್ಸ್ ಮೇಲಿನ ದೀಪದ ಥರ ಗಡಿಬಿಡಿ. ಎರಡು ಬಣ್ಣ ಇಟ್ಟಿದ್ದರೆ ದೂರದಿಂದ, ಮಳೆಯ ಮಬ್ಬಿನಲ್ಲಿ, ಯಾವುದು ಕಿತ್ತಳೆ ಯಾವುದು ಕೆಂಪು ಅಂತ ಗೊಂದಲ ಆಗುತ್ತಿತ್ತು. ಒಂದೇ ಬಣ್ಣ, ಎರಡು ವೇಗ. ನನಗೆ ಬಹಳ ಇಷ್ಟವಾದ ಉಪಾಯ ಇದು.

ಇಡೀ ಸರೋವರಕ್ಕೆ ಒಟ್ಟಿಗೆ ದೀಪ ಹಾಕುವುದಿಲ್ಲ. ಪಶ್ಚಿಮ, ನಡು, ಪೂರ್ವ ಅಂತ ಮೂರು ಭಾಗ ಮಾಡಿದ್ದಾರೆ. ಆಲ್ಪ್ಸ್ ಕಡೆಯಿಂದ ರೈನ್ ನದಿಯ ಕಣಿವೆಯಲ್ಲಿ ಇಳಿದು ಬರುವ ಫ್ಯೋನ್ (Föhn) ಅನ್ನೋ ಬಿಸಿಗಾಳಿ ಪೂರ್ವದ ತುದಿಯನ್ನು ಬಡಿಯುತ್ತಿರುವಾಗ ಪಶ್ಚಿಮದ ತುದಿಯಲ್ಲಿ ನೀರು ಕನ್ನಡಿ ಥರ ಇರಬಹುದು. ಅಲ್ಲಿಯವರಿಗೆ ಸುಮ್ನೆ ದೀಪ ಹಾಕಿದರೆ ಮುಂದಿನ ಸಲ ಅವರು ನಂಬುವುದಿಲ್ಲ. ಜರ್ಮನಿಯ ಹವಾಮಾನ ಸೇವೆ ಮತ್ತು ಸ್ವಿಸ್ ದೇಶದ ಮೆಟಿಯೋಸ್ವಿಸ್ ಈ ಎಚ್ಚರಿಕೆಯ ಹೊಣೆ ಹೊತ್ತಿವೆ. ನಿಮ್ಮನ್ನು ಕೂಗಿ ಕರೆದವನು ಹವಾಮಾನ ತಜ್ಞನಲ್ಲ. ಅವನು ದೀಪ ನೋಡಿದ, ನಿಮ್ಮನ್ನು ನೋಡಿದ, ಕರೆದ. ಅಷ್ಟೇ. ಆ ‘ಅಷ್ಟೇ’ ಎಷ್ಟು ದೊಡ್ಡದು ಅಂತ ಆಮೇಲೆ ಹೇಳುತ್ತೇನೆ.

ಬಿಸಿಲಿದ್ದಾಗಲೇ ದೀಪ ಯಾಕೆ ಹೊತ್ತಿತು ಅನ್ನೋದು ನಿಮ್ಮ ಅಸಲಿ ಅನುಮಾನ ಅಂತ ಕಾಣುತ್ತದೆ. ಗುಡುಗು ಮಳೆಯ ಮೋಡದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮೇಲೇರುವ ಗಾಳಿ. ಹೂಕೋಸಿನ ಹಾಗೆ ಉಬ್ಬಿ ಉಬ್ಬಿ ಎದ್ದು ನಿಲ್ಲುತ್ತದಲ್ಲ, ಅದು. ಅಪಾಯ ಇರುವುದು ಇಳಿಯುವ ಗಾಳಿಯಲ್ಲಿ. ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಆವಿಯಾಗುತ್ತವೆ. ಬೆವರು ಆರಿದಾಗ ಮೈ ತಣ್ಣಗಾಗುವ ಹಾಗೆ ಆ ಗಾಳಿಯೂ ತಣ್ಣಗಾಗಿ, ಭಾರವಾಗಿ, ಧೊಪ್ಪನೆ ಕೆಳಗಿಳಿಯುತ್ತದೆ. ನೆಲಕ್ಕೆ ಬಡಿದ ಮೇಲೆ ಎಲ್ಲಿಗೆ ಹೋಗಬೇಕು? ಬಿಂದಿಗೆ ನೀರು ಅಂಗಳಕ್ಕೆ ಚೆಲ್ಲಿದ ಹಾಗೆ ಸುತ್ತಲೂ ಹರಡುತ್ತದೆ. ಈ ತಣ್ಣನೆ ಗಾಳಿಯ ಅಂಚು ಮಳೆಗಿಂತ ಹತ್ತು ಹದಿನೈದು ಕಿಲೋಮೀಟರ್ ಮುಂದೆ ಓಡಿ ಬರಬಹುದು. ಮಳೆ ಇನ್ನೂ ಆಚೆ ಊರಲ್ಲಿರುತ್ತದೆ, ನಿಮ್ಮ ತಲೆ ಮೇಲೆ ಬಿಸಿಲೇ ಇರುತ್ತದೆ, ಗಾಳಿ ಮಾತ್ರ ಬಂದುಬಿಡುತ್ತದೆ. ನೆಲದ ಮೇಲಾದರೆ ಮರ, ಮನೆ, ದಿಬ್ಬ ಅದನ್ನು ತಡೆಯುತ್ತವೆ. ನೀರಿನ ಮೇಲೆ ಅಡ್ಡ ಏನೂ ಇಲ್ಲ.

ಇದನ್ನು ಕಣ್ಣಲ್ಲಿ ಗುರುತಿಸಬಹುದು. ಸೆಕೆ ಕುದಿಯುತ್ತಿರುವಾಗ ಒಮ್ಮೆಲೇ ತಣ್ಣನೆ ಗಾಳಿ ಮುಖಕ್ಕೆ ತಾಗುತ್ತದೆ. ಜನ ‘ಆಹಾ’ ಅನ್ನುತ್ತಾರೆ. ದೂರದಲ್ಲಿ ನೀರಿನ ಬಣ್ಣ ಬದಲಾಗಿ ಒಂದು ಕಪ್ಪು ಗೆರೆ ಕಾಣುತ್ತದೆ, ಅದು ನಿಮ್ಮ ಕಡೆಗೇ ಸರಿಯುತ್ತಿರುತ್ತದೆ. ಏರಿ ಆಚೆಗಿನ ಹೊಲದಲ್ಲಿ ಧೂಳು ಗೋಡೆ ಥರ ಏಳುತ್ತದೆ. ಕೊಕ್ಕರೆಗಳು ಒಟ್ಟಿಗೆ ಎದ್ದು ಹೋಗುವುದನ್ನೂ ನೋಡಿದ್ದೇನೆ. ಈ ‘ಆಹಾ’ ಬಂದಾಗ ನಿಮ್ಮ ಬೋಟ್ ಕೆರೆಯ ನಡುವೆ ಇದ್ದರೆ ಟೈಮ್ ಮುಗಿದಿದೆ ಅಂತಲೇ ಲೆಕ್ಕ.

ಯಾಕೆ ಅಂತ ಕೂಡಿ ಕಳೆದು ನೋಡೋಣ. ಆ ಗಾಳಿಯ ಅಂಚು ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. 10 ಕಿ.ಮೀ. ದೂರದಲ್ಲಿದ್ದರೆ ನಿಮ್ಮ ಕೈಯಲ್ಲಿರುವುದು 12 ನಿಮಿಷ. ಪೆಡಲ್ ಬೋಟ್ ಗಂಟೆಗೆ ನಾಲ್ಕೈದು ಕಿ.ಮೀ. ಹೋದರೆ ಹೆಚ್ಚು. ದಡದಿಂದ ಒಂದು ಕಿ.ಮೀ. ಒಳಗಿದ್ದರೆ ವಾಪಸ್ ಬರಲು 12ರಿಂದ 15 ನಿಮಿಷ ಬೇಕು, ಅದೂ ಗಾಳಿ ಇಲ್ಲದಾಗ. ಗಾಳಿ ಎದುರಿದ್ದರೆ ತುಳಿದಷ್ಟೂ ಹಿಂದಕ್ಕೇ. ಇನ್ನೊಂದು ವಿಷಯ. ಗಾಳಿಯ ವೇಗ ಮೂರು ಪಟ್ಟಾದರೆ ಅದು ತಳ್ಳುವ ಬಲ ಮೂರು ಪಟ್ಟಾಗುವುದಿಲ್ಲ, ಒಂಬತ್ತು ಪಟ್ಟಾಗುತ್ತದೆ. 20 ಕಿ.ಮೀ. ಗಾಳಿಯಲ್ಲಿ ಆರಾಮಾಗಿ ಬೋಟ್ ನಡೆಸಿದವನು 60 ಕಿ.ಮೀ. ಗಾಳಿಯಲ್ಲೂ ‘ಸ್ವಲ್ಪ ಜೋರಾಗಿ ತುಳಿದರಾಯ್ತು’ ಅಂದುಕೊಂಡರೆ ಕೆಟ್ಟ.

ಅದಕ್ಕೇ ಕೆರೆಗೆ ಎಚ್ಚರಿಕೆ ವ್ಯವಸ್ಥೆ ಮಾಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಹವಾಮಾನದ್ದಲ್ಲ. ನಿಮ್ಮ ಅತಿ ನಿಧಾನದ ಬೋಟು, ಅತಿ ದೂರದ ಜಾಗದಿಂದ, ದಡಕ್ಕೆ ಬರಲು ಎಷ್ಟು ನಿಮಿಷ? ಈ ಒಂದು ಸಂಖ್ಯೆ ಗೊತ್ತಿಲ್ಲದೆ ಸೈರನ್ ಕೊಂಡರೆ ಅದು ದಸರಾಕ್ಕೆ ಹಾಕಿದ ಸೀರಿಯಲ್ ಸೆಟ್ ಅಷ್ಟೇ.

ನಿಮ್ಮ ಮಾವನವರ ಕೆರೆಗೆ ಬೋಡನ್‌ಗಿಂತ ಹತ್ತಿರದ ನೆಂಟ ಹಂಗೇರಿಯ ಬಾಲಟನ್ ಸರೋವರ. ಅದು ಇನ್ನೂ ದೊಡ್ಡದು, ಸುಮಾರು 594 ಚ.ಕಿ.ಮೀ. ಆದರೆ ಸರಾಸರಿ ಆಳ 3 ಮೀಟರ್ ಚಿಲ್ಲರೆ. ನಮ್ಮ ಬಯಲುಸೀಮೆ ಕೆರೆಗಳ ಹಾಗೆ ತಟ್ಟೆ. ಆಳವಿಲ್ಲದ ನೀರಲ್ಲಿ ಅಲೆ ಬೇಗ ಏಳುತ್ತದೆ. ಕಡಿದಾಗಿ, ಒಂದರ ಹಿಂದೆ ಒಂದು ಒತ್ತೊತ್ತಾಗಿ ಬರುತ್ತದೆ. ಸಮುದ್ರದ ಉದ್ದನೆ ಅಲೆ ದೋಣಿಯನ್ನು ಎತ್ತಿ ಇಳಿಸುತ್ತದೆ, ಇದು ಹೊಡೆಯುತ್ತದೆ. ‘ಆಳ ಇಲ್ಲ ಬಿಡಿ, ನಿಂತರೆ ಎದೆಮಟ್ಟ’ ಅಂತ ಕೆರೆ ಕಡೆಯವರು ಧೈರ್ಯ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಬಾಲಟನ್ ನೆನಪಾಗುತ್ತದೆ. ಅಲ್ಲಿ 1934ರಿಂದಲೇ ಬಿರುಗಾಳಿ ಎಚ್ಚರಿಕೆ ಇದೆ. ಮೊದಮೊದಲು ಕಂಬಕ್ಕೆ ಬುಟ್ಟಿ ಏರಿಸುತ್ತಿದ್ದರು, ರಾಕೆಟ್ ಹಾರಿಸುತ್ತಿದ್ದರು. 1956ರಲ್ಲಿ ಶಿಯೋಫೋಕ್ ಊರಿನ ದಡದಲ್ಲಿ ಅದಕ್ಕೇ ಅಂತ ಒಂದು ವೀಕ್ಷಣಾಲಯ ಕಟ್ಟಿದರು. ಈಗ ಅಲ್ಲೂ ದೀಪಗಳೇ. ಮೊದಲ ಹಂತಕ್ಕೆ ನಿಮಿಷಕ್ಕೆ 45 ಮಿನುಗು, ಎರಡನೆಯದಕ್ಕೆ 90. ಗಾಳಿ 40ರಿಂದ 60 ಕಿ.ಮೀ. ಆಗುವ ಹಾಗಿದ್ದರೆ ಮೊದಲನೆಯದು, 60 ದಾಟುವ ಹಾಗಿದ್ದರೆ ಎರಡನೆಯದು. ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಈ ವ್ಯವಸ್ಥೆ ನಡೆಯುತ್ತದೆ.

ಬಾಲಟನ್‌ನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ದೀಪವಲ್ಲ, ದೀಪಕ್ಕೆ ಅಂಟಿಸಿದ ನಿಯಮ. ಮೊದಲ ಹಂತದಲ್ಲಿ ಈಜುವವರು ದಡದಿಂದ 500 ಮೀಟರ್ ಒಳಗೇ ಇರಬೇಕು. ಎರಡನೇ ಹಂತದಲ್ಲಿ ಈಜುವುದೇ ಬಂದ್. ಇದರಲ್ಲಿ ‘ಎಚ್ಚರಿಕೆಯಿಂದಿರಿ’ ಅನ್ನೋ ಮಾತೇ ಇಲ್ಲ. ನಮ್ಮಲ್ಲಿ ಬೋರ್ಡು ಬರೆಸುವವರಿಗೆ ಆ ಪದದ ಮೇಲೆ ಭಾರೀ ಪ್ರೀತಿ. ಎಚ್ಚರಿಕೆಯಿಂದಿರಿ ಅಂದರೆ ಏನು ಮಾಡಬೇಕು ಅಂತ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ಈಗ ಫೋನಿನ ಪ್ರಶ್ನೆ. ಇದಕ್ಕೆ ಅಮೆರಿಕದ ಒಂದು ಕಥೆ ಹೇಳಬೇಕು, ಕಹಿ ಕಥೆ. ಮಿಸೌರಿ ರಾಜ್ಯದ ಬ್ರಾನ್ಸನ್ ಊರ ಹತ್ತಿರ ಟೇಬಲ್ ರಾಕ್ ಅನ್ನೋ ಸರೋವರ ಇದೆ. ಅಣೆಕಟ್ಟಿನ ಹಿನ್ನೀರು. ಅಲ್ಲಿ ರಸ್ತೆಯಲ್ಲೂ ನೀರಲ್ಲೂ ಓಡುವ ‘ಡಕ್’ ಬೋಟುಗಳಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದರು. 2018ರ ಜುಲೈ 19. ಜೋರು ಗುಡುಗು ಮಳೆ ಬರುವ ಸಾಧ್ಯತೆ ಇದೆ ಅಂತ ಹವಾಮಾನ ಇಲಾಖೆ ಮಧ್ಯಾಹ್ನಕ್ಕೆ ಮೊದಲೇ ಹೇಳಿತ್ತು. ಸಂಜೆ 6.32ಕ್ಕೆ ‘ಬಂದೇ ಬಿಟ್ಟಿದೆ’ ಅನ್ನೋ ಪಕ್ಕಾ ಎಚ್ಚರಿಕೆಯನ್ನೂ ಕೊಟ್ಟಿತು. ಸುಮಾರು 20 ನಿಮಿಷದ ನಂತರ ಆ ಬೋಟು ನೀರಿಗಿಳಿಯಿತು. ಇಳಿಯುವಾಗ ನೀರು ಶಾಂತವಾಗಿತ್ತು. ಕೆಲವೇ ನಿಮಿಷದಲ್ಲಿ ಗಾಳಿಯ ಅಂಚು ಬಂತು, ಅಲೆ ಎದ್ದಿತು, ಬೋಟ್ ಮುಳುಗಿತು. ಇದ್ದ 31 ಜನರಲ್ಲಿ 17 ಜನ ಸತ್ತರು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಎಚ್ಚರಿಕೆ ಬಂದ ಮೇಲೂ ನೀರಿನ ಸುತ್ತಾಟ ನಿಲ್ಲಿಸದೇ ಇದ್ದದ್ದು ತಪ್ಪು ಅಂತ ಅದು ಹೇಳಿತು.

ಅಲ್ಲಿ ರೇಡಾರ್ ಇತ್ತು, ಮುನ್ಸೂಚನೆ ಸರಿಯಾಗಿಯೇ ಇತ್ತು, ಎಲ್ಲರ ಕೈಯಲ್ಲೂ ಫೋನ್ ಇತ್ತು. ನಿಮ್ಮನ್ನು ಕರೆದ ಬಾಡಿಗೆಯವನು ಮಾಡಿದನಲ್ಲ ಆ ಕೆಲಸ, ಅಷ್ಟೊಂದೇ ಅಲ್ಲಿ ಆಗಲಿಲ್ಲ. ‘ಅಷ್ಟೇ’ ಅನ್ನೋದು ದೊಡ್ಡದು ಅಂದೆನಲ್ಲ, ಇದಕ್ಕೆ.

ಫೋನ್ ಬೇಡ ಅಂತ ನಾನು ಹೇಳುತ್ತಿಲ್ಲ. ಭಾರತದಲ್ಲಿ ಈಗ ಸಚೇತ್ ಅನ್ನೋ ವ್ಯವಸ್ಥೆ ಇದೆ. ಒಂದು ಪ್ರದೇಶದ ಟವರ್‌ಗಳಿಂದ ಅಲ್ಲಿರುವ ಎಲ್ಲ ಫೋನಿಗೂ ಒಟ್ಟಿಗೆ ಸಂದೇಶ ಕಳಿಸುವ ಪರೀಕ್ಷೆಯನ್ನು 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲೂ ಮಾಡಿದರು. ನೆನಪಿರಬೇಕು, ಎಲ್ಲರ ಫೋನೂ ಒಂದೇ ಸಲ ಕಿರುಚಿಕೊಂಡಿತ್ತು. ನಮ್ಮ ಪಕ್ಕದ ಮನೆಯವರು ಫೋನ್ ಹ್ಯಾಕ್ ಆಯಿತು ಅಂತ ಸಿಮ್ ತೆಗೆದಿಟ್ಟಿದ್ದರು. ವ್ಯವಸ್ಥೆ ಒಳ್ಳೆಯದೇ. ಆದರೆ ಬೋಟಿನಲ್ಲಿ ಕೂತವರ ಫೋನ್ ಎಲ್ಲಿರುತ್ತದೆ? ನೀರಿಗೆ ಬಿದ್ದೀತು ಅಂತ ಬ್ಯಾಗಿನಲ್ಲಿ. ಬ್ಯಾಗು ದಡದಲ್ಲಿ ಅಜ್ಜಿ ಹತ್ತಿರ. ಕೈಯಲ್ಲೇ ಇದ್ದರೂ ಕ್ಯಾಮೆರಾ ಆನ್ ಆಗಿರುತ್ತದೆ. ಫೋನಿನ ಅಲರ್ಟ್ ನೀರಿನ ಮೇಲಿರುವವರಿಗಲ್ಲ, ದಡದಲ್ಲಿರುವ ಒಬ್ಬ ಜವಾಬ್ದಾರಿ ಮನುಷ್ಯನಿಗೆ ಬೇಕು. ಅವನಿಂದ ನೀರಿನವರಿಗೆ ಮುಟ್ಟಿಸುವುದು ದೀಪ ಮತ್ತು ಸದ್ದಿನ ಕೆಲಸ.

ನಮ್ಮ ಕಡೆ ಯಾಕಿಲ್ಲ ಅಂದಿರಿ. ನಮ್ಮ ಕೆರೆಗಳನ್ನು ಕಟ್ಟಿದ್ದು ನೀರಾವರಿಗೆ. ಜನ ವಿಹಾರಕ್ಕೆ ನೀರಿಗಿಳಿಯುವುದು ನಿನ್ನೆ ಮೊನ್ನೆಯ ರೂಢಿ. ಅಂಬಿಗರಿಗೆ, ತೆಪ್ಪ ಹಾಕುವವರಿಗೆ ಆಕಾಶ ನೋಡಿ ಗೊತ್ತಾಗುತ್ತಿತ್ತು, ಗೊತ್ತಾಗದ ದಿನ ದೇವರಿದ್ದ. ಸೂಳೆಕೆರೆಯಂಥ ಆಚೆ ದಡ ಮಬ್ಬಾಗಿ ಕಾಣುವ ಕೆರೆಯಲ್ಲಿ ದಾವಣಗೆರೆಯಿಂದ ಭಾನುವಾರ ಬಂದವರಿಗೆ ಆ ಆಕಾಶ ಓದಲು ಬರುತ್ತದಾ? ಅವರಿಗೆ ಬೇರೆಯವರು ಓದಿ ಹೇಳಬೇಕು.

ಗಾಳಿಗೆ ದೋಣಿ ಮಗುಚುವುದು ನಮ್ಮಲ್ಲಿ ಹೊಸದೂ ಅಲ್ಲ. 2024ರ ಮೇ 21ರ ಸಂಜೆ ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ ದಡದಿಂದ ದಡಕ್ಕೆ ಜನ ಸಾಗಿಸುತ್ತಿದ್ದ ಒಂದು ದೋಣಿ ಬಿರುಗಾಳಿಗೆ ಮಗುಚಿತು. 7 ಜನರಿದ್ದರು. ಒಬ್ಬರು ಈಜಿ ದಡ ಸೇರಿದರು, 6 ಜನ ಸತ್ತರು. ಉಜನಿ ಕಟ್ಟಿರುವುದು ಭೀಮಾ ನದಿಗೆ, ಅದೇ ನೀರು ಮುಂದೆ ಕಲಬುರಗಿ ಕಡೆಗೆ ಬರುತ್ತದೆ. ತಾರೀಖು ನೋಡಿ. ಮೇ 21 ಅಂದರೆ ಕೃತಿಕಾ ಮಳೆಯ ಕಾಲ. ಅಶ್ವಿನಿ, ಭರಣಿ, ಕೃತಿಕಾ, ರೋಹಿಣಿ, ಈ ನಾಲ್ಕು ಮಳೆಗಳೂ ಗುಡುಗು ಸಿಡಿಲಿನವು, ಗಾಳಿಯವು. ಮೋಡದ ಕೆಳಗಿನ ಗಾಳಿ ಒಣಗಿರುವುದರಿಂದ ಹನಿ ಜಾಸ್ತಿ ಆವಿಯಾಗುತ್ತದೆ. ಹಾಗಾಗಿ ಆ ಬೀಸೂ ಜಾಸ್ತಿ. ಜಡಿಮಳೆಯ ಆಷಾಢಕ್ಕಿಂತ ಏಪ್ರಿಲ್, ಮೇ ತಿಂಗಳು ಕೆರೆಗೆ ಅಪಾಯ. ಮಕ್ಕಳಿಗೆ ರಜೆ ಇರುವುದೂ ಆಗಲೇ. ಬಿಸಿಲು ಇಳಿಯಲಿ ಅಂತ ಜನ ಬೋಟಿಂಗಿಗೆ ಬರುವುದು ಸಂಜೆ ನಾಲ್ಕರ ಮೇಲೆ. ಗುಡುಗಿನ ಮೋಡ ಬಲಿಯುವುದೂ ನಾಲ್ಕರ ಮೇಲೆ.

ಇನ್ನು ಮಾವನವರಿಗೆ ಏನು ಹೇಳೋದು ಅನ್ನೋದಕ್ಕೆ ಬರೋಣ. ಮೊದಲು ನಾನೊಂದು ಕೆರೆಯಲ್ಲಿ ಕಂಡದ್ದು ಹೇಳಿಬಿಡುತ್ತೇನೆ. ಹೆಸರು ಬೇಡ. ಬಯಲುಸೀಮೆಯ ಒಂದು ಊರು, ಬೋಟಿಂಗ್ ಚೆನ್ನಾಗಿ ನಡೆಯುತ್ತಿತ್ತು. ‘ನಮ್ಮಲ್ಲಿ ಎಲ್ಲ ಇದೆ ಸಾರ್, ನೋಡಿ ಸರಿ ಇದೆ ಅಂತ ಬರೆದುಕೊಡಿ’ ಅಂತ ಕರೆಸಿದ್ದರು. ಹೌದು, ಎಲ್ಲ ಇತ್ತು. ಹೊಸ ಸೈರನ್, ದೊಡ್ಡ ಕೆಂಪು ದೀಪ. ದೀಪ ಟಿಕೆಟ್ ಕೌಂಟರಿನ ನೆತ್ತಿಯ ಮೇಲೆ ಪಾರ್ಕಿಂಗ್ ಕಡೆಗೆ ಮುಖ ಮಾಡಿತ್ತು. ನೀರಿನ ಕಡೆಯಿಂದ ನೋಡಿದರೆ ಅದರ ಮುಂದೆ ಒಂದು ಹುಟ್ಟುಹಬ್ಬದ ಫ್ಲೆಕ್ಸ್. ಸೈರನ್ನಿನ ಸ್ವಿಚ್ ಇದ್ದ ರೂಮಿಗೆ ಬೀಗ. ಬೀಗದ ಕೈ ವಾಟರ್‌ಮ್ಯಾನ್ ಹತ್ತಿರ. ವಾಟರ್‌ಮ್ಯಾನ್ ಅವತ್ತು ತಿಪಟೂರಿಗೆ ಮದುವೆಗೆ ಹೋಗಿದ್ದ.

ಸರಿ, ಸೀಟಿಯಲ್ಲೇ ಪರೀಕ್ಷೆ ಮಾಡೋಣ ಅಂದೆ. ದೂರದಲ್ಲಿ ಒಂದು ಹಂಸದ ಆಕಾರದ ಪೆಡಲ್ ಬೋಟಿತ್ತು, ನಡುವಯಸ್ಸಿನ ಗಂಡ ಹೆಂಡತಿ, ಒಂದು ಮಗು. ಸುಮಾರು ಮುಕ್ಕಾಲು ಕಿ.ಮೀ. ಒಳಗಿದ್ದರು. ಸೀಟಿ ಊದಿಸಿ ವಾಚ್ ನೋಡುತ್ತಾ ಕೂತೆ. ನಾಲ್ಕು ನಿಮಿಷ ಅವರಿಗೆ ಅದು ತಮಗೆ ಅಂತಲೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಹಂಸವನ್ನು ತಿರುಗಿಸಲು ಒಂದು ನಿಮಿಷ. ಬರಲು ಹನ್ನೊಂದು. ಬಂದ ಮೇಲೆ ಇಳಿಯುವ ಕಟ್ಟೆಯಲ್ಲಿ ಮೂರು ಬೋಟು ಕ್ಯೂ ನಿಂತಿದ್ದವು, ಅಲ್ಲಿ ಮೂರು ನಿಮಿಷ. ಒಟ್ಟು 19 ನಿಮಿಷ. ಗಾಳಿಯೇ ಇಲ್ಲದ ದಿನ ಅದು.

19ರಲ್ಲಿ ಎಷ್ಟು ನಿಮಿಷ ಬಿಟ್ಟಿಯಾಗಿ ಉಳಿಸಬಹುದು ನೋಡಿ. ಟಿಕೆಟ್ ಕೊಡುವಾಗ ಒಂದು ಮಾತು, ‘ಆ ದೀಪ ಮಿನುಗಿದರೆ ಆಟ ಮುಗೀತು, ವಾಪಸ್ ಬನ್ನಿ, ದುಡ್ಡು ವಾಪಸ್ ಕೊಡ್ತೀವಿ’ ಅಂದರೆ ಮೊದಲ ನಾಲ್ಕು ನಿಮಿಷ ಉಳಿಯಿತು. ಬೋಟ್ ಹೋಗಬಹುದಾದ ಗಡಿಗೆ ಬಣ್ಣದ ಡ್ರಮ್ಮುಗಳನ್ನು ತೇಲಿಬಿಟ್ಟು ಮುಕ್ಕಾಲು ಕಿ.ಮೀ.ಯನ್ನು ಮುನ್ನೂರು ಮೀಟರಿಗೆ ಇಳಿಸಿದರೆ ಇನ್ನು ಆರೇಳು ನಿಮಿಷ ಉಳಿಯಿತು. ಹತ್ತಲು ಒಂದು ಕಟ್ಟೆ, ತುರ್ತಿಗೆ ಇಳಿಯಲು ಇನ್ನೊಂದೆರಡು ಜಾಗ ಮಾಡಿದರೆ ಕ್ಯೂ ಕರಗಿತು. ಸೈರನ್ ಕೊಳ್ಳುವ ಮೊದಲೇ 19 ಹೋಗಿ ಐದಾರಕ್ಕೆ ಬಂತು. ಈ ಡ್ರಮ್ಮಿನ ಗಡಿಯ ಬಗ್ಗೆ ನನಗೆ ಹಟವೇ ಇದೆ. ದುಬಾರಿ ಉಪಕರಣಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿ ಡ್ರಮ್ಮನ್ನು ಇನ್ನೊಂದಕ್ಕೆ ಹಾಕಿ ಅಂದರೆ ನಾನು ಡ್ರಮ್ಮಿನ ಕಡೆ.

ಆಮೇಲೆ ದೀಪ. ಸೈರನ್ನಿಗಿಂತ ಮೊದಲು ದೀಪ ಹಾಕಿಸಲಿ. ಸದ್ದು ಗಾಳಿಯ ದಿಕ್ಕಿಗೆ ಹೋಗುತ್ತದೆ. ಎದುರುಗಾಳಿ ಬಂದರೆ ನೀರಿನವರಿಗೆ ಕೇಳುವುದೇ ಇಲ್ಲ. ಮೋಟಾರ್ ಬೋಟಿನವನಿಗಂತೂ ಅವನ ಎಂಜಿನ್ ಸದ್ದೇ ಸಾಕು. ದೀಪ ಎತ್ತರದಲ್ಲಿರಲಿ, ನೀರಿನ ಯಾವ ಮೂಲೆಯಿಂದ ನೋಡಿದರೂ ಒಂದಾದರೂ ಕಾಣಲಿ, ಮಧ್ಯಾಹ್ನದ ಬಿಸಿಲಲ್ಲೂ ಕಾಣುವಷ್ಟು ಜೋರಿರಲಿ. ಹಾಕಿಸಿದ ದಿನ ಯಾರಾದರೂ ಬೋಟಿನಲ್ಲಿ ಹೋಗಿ ನೀರಿನಿಂದಲೇ ನೋಡಿ ಬರಲಿ. ಸೈರನ್ನು ದೀಪಕ್ಕೆ ಜೊತೆಗಾರ, ಈಜುವವರಿಗೆ ಮತ್ತು ಅಕ್ಕಪಕ್ಕ ಆಡುವ ಮಕ್ಕಳಿಗೆ. ಅದನ್ನು ಊದುವ ರೀತಿ ಬೇರೆ ಇರಲಿ. ಅಣೆಕಟ್ಟಿನ ಕೆಳಗಿನ ಊರುಗಳಲ್ಲಿ ಗೇಟ್ ತೆಗೆಯುವ ಮೊದಲು ಸೈರನ್ ಊದುತ್ತಾರೆ, ಊರಿಗೆ ಮಿಲ್ಲಿನ ಸೈರನ್ನೂ ಇರಬಹುದು. ಇದು ಯಾವುದು ಅಂತ ಜನ ಮುಖ ಮುಖ ನೋಡಿಕೊಳ್ಳುವ ಹಾಗಾಗಬಾರದು. ಕರೆಂಟಿನ ಮಾತು ಹೇಳಲೇಬೇಕಿಲ್ಲ ಅಲ್ವಾ? ನಮ್ಮ ಕಡೆ ಗಾಳಿ ಎದ್ದ ಕೂಡಲೇ ಮೊದಲು ಹೋಗುವುದೇ ಕರೆಂಟು. ಬ್ಯಾಟರಿ ಬೇಕೇ ಬೇಕು.

ದೀಪ ಯಾವಾಗ ಹಾಕಬೇಕು? ಇದಕ್ಕೆ ಮಾವನವರು ಹವಾಮಾನ ಓದಬೇಕಾಗಿಲ್ಲ. ಬೆಳಿಗ್ಗೆ ಭಾರತೀಯ ಹವಾಮಾನ ಇಲಾಖೆ ಜಿಲ್ಲೆಗೆ ಯಾವ ಬಣ್ಣ ಕೊಟ್ಟಿದೆ ನೋಡಲಿ. ಹಸಿರು, ಹಳದಿ, ಕಿತ್ತಳೆ, ಕೆಂಪು. ಕಿತ್ತಳೆ ಅಥವಾ ಕೆಂಪಿದ್ದರೆ ಅವತ್ತು ಬೋಟಿಂಗೇ ಬೇಡ. ಹಳದಿಗೆಲ್ಲ ಮುಚ್ಚುತ್ತಾ ಕೂತರೆ ಮೇ ತಿಂಗಳಲ್ಲಿ ಅಂಗಡಿಯೇ ತೆಗೆಯುವ ಹಾಗಿಲ್ಲ. ಅದು ಇಡೀ ಜಿಲ್ಲೆಯ ಮಾತು, ನಿಮ್ಮ ಕೆರೆ ಒಂದು ಚುಕ್ಕಿ. ಹಳದಿ ದಿನ ಕಣ್ಣು ತೆರೆದು ವ್ಯಾಪಾರ ಮಾಡಲಿ. ಮಧ್ಯಾಹ್ನದ ಮೇಲೆ ಇಲಾಖೆಯ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆ ನೋಡಲಿ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್, ಎರಡನ್ನೂ ಕೌಂಟರಿನ ಫೋನಿನಲ್ಲಿ ಹಾಕಿಕೊಳ್ಳಲಿ. ಹತ್ತಿರದಲ್ಲೆಲ್ಲಾದರೂ ಸಿಡಿಲು ಬಿದ್ದರೆ ಅವು ಹೇಳುತ್ತವೆ. ಅದೇ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಇಟ್ಟಿದೆ. ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬರುತ್ತದೋ ಆ ಕಡೆಯ ಹೋಬಳಿಯಲ್ಲಿ ಏನಾಗುತ್ತಿದೆ ಅಂತ ಗೊತ್ತಾದರೆ ಅರ್ಧ ಯುದ್ಧ ಗೆದ್ದ ಹಾಗೆ. ಇನ್ನೂ ಸುಲಭದ್ದು ಬೇಕಾದರೆ ಆ ಕಡೆಯ ಹದಿನೈದು ಕಿ.ಮೀ. ದೂರದ ಹಳ್ಳಿಯಲ್ಲಿ ಒಬ್ಬ ನೆಂಟರಿರಲಿ, ‘ಗಾಳಿ ಎದ್ದಿದೆ’ ಅಂತ ಒಂದು ಫೋನ್ ಮಾಡಲು. ನಗಬೇಡಿ. ನಾನು ಕಂಡ ಒಂದು ಕೆರೆಯಲ್ಲಿ ಇದು ಬೇರೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಕೊನೆಯ ಅಳತೆ ಕಿವಿ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಸದ್ದಿಗೆ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡು ಬೇಕು. 30 ಸೆಕೆಂಡಿಗಿಂತ ಕಡಿಮೆ ಆದರೆ ಮೋಡ 10 ಕಿ.ಮೀ. ಒಳಗಿದೆ, ನೀರು ಖಾಲಿ ಮಾಡಿಸಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರನ್ನೂ ಮತ್ತೆ ಇಳಿಸಬಾರದು. ಈ ಅರ್ಧ ಗಂಟೆ ಕಾಯುವುದೇ ಕಷ್ಟ. ಮಳೆ ನಿಂತ ಹತ್ತೇ ನಿಮಿಷಕ್ಕೆ ಜನ ಕೌಂಟರಿಗೆ ಮುತ್ತಿಕೊಳ್ಳುತ್ತಾರೆ. ಭಾರತದಲ್ಲಿ 2022ರಲ್ಲಿ ಸಿಡಿಲಿಗೆ ಸತ್ತವರು 2,887 ಜನ, ಇದು ಸರ್ಕಾರದ್ದೇ ಲೆಕ್ಕ. ನೀರಿನಿಂದ ಮೇಲೆ ಬಂದವರು ಎಲ್ಲಿ ನಿಲ್ಲಬೇಕು ಅನ್ನೋದೂ ಮೊದಲೇ ತೀರ್ಮಾನ ಆಗಿರಲಿ. ಕೆರೆ ಏರಿ ಮೇಲಿನ ಒಂಟಿ ಹುಣಸೆಮರದ ಕೆಳಗೆ ಅಲ್ಲ, ತಗಡಿನ ಮಂಟಪದಲ್ಲೂ ಅಲ್ಲ. ಗೋಡೆ ಇರುವ ಪಕ್ಕಾ ಕಟ್ಟಡ ಅಥವಾ ಕಿಟಕಿ ಮುಚ್ಚಿದ ಕಾರು, ಬಸ್ಸು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸ್ವಿಚ್ ಒತ್ತುವವರು ಯಾರು? ಕೌಂಟರಿನಲ್ಲಿ ಕೂತ ಇಪ್ಪತ್ತು ವರ್ಷದ ಹುಡುಗನಿಗೆ ಮೋಡ ಕಾಣುತ್ತದೆ. ಆದರೆ ಅವನು ಮಾಲೀಕರಿಗೆ ಫೋನ್ ಮಾಡುತ್ತಾನೆ, ಮಾಲೀಕರು ‘ಇನ್ನೊಂದು ರೌಂಡ್ ನೋಡು’ ಅನ್ನುತ್ತಾರೆ. ಅವರದ್ದೂ ಪೂರ್ತಿ ತಪ್ಪು ಅನ್ನಲಾರೆ. ಟೆಂಡರ್ ಹಿಡಿದು ವರ್ಷಕ್ಕೆ ಇಷ್ಟು ಅಂತ ಕಟ್ಟಿದ್ದಾರೆ, ಅವರಿಗೆ ಜಾಸ್ತಿ ದುಡ್ಡು ಬರುವುದೇ ಮೇ ತಿಂಗಳ ಸಂಜೆಗಳಲ್ಲಿ. ಅದಕ್ಕೇ ಮಾವನವರ ಸಮಿತಿ ಟೆಂಡರಿನಲ್ಲೇ ಬರೆಸಲಿ. ದೀಪ ಹತ್ತಿದ ಹೊತ್ತಿನ ಬಾಡಿಗೆ ಮಾಫಿ, ಟಿಕೆಟ್ ದುಡ್ಡು ಗ್ರಾಹಕರಿಗೆ ವಾಪಸ್, ಮತ್ತು ದೀಪ ಹಾಕುವ ಹುಡುಗನ ಮಾತೇ ಕೊನೆಯದು, ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಆ ಹುಡುಗ ಹತ್ತು ಸಲ ಹಾಕಿ ಮೂರು ಸಲ ಗಾಳಿ ಬರದೇ ಹೋದರೆ ಯಾರೂ ಬೈಯಬಾರದು. ಹತ್ತರಲ್ಲಿ ಎಂಟು ಸಲ ಬರದೇ ಹೋದರೆ ಮಾತ್ರ ಕೂತು ಮಾತಾಡಬೇಕು, ಯಾಕಂದರೆ ಆಗ ಜನ ನಂಬುವುದು ಬಿಡುತ್ತಾರೆ.

ಲೈಫ್ ಜಾಕೆಟ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಎದೆಯ ಬಕಲ್ ಹಾಕಿ ಕಾಲಸಂದಿಯ ಪಟ್ಟಿ ಹಾಗೇ ಬಿಟ್ಟ ಜಾಕೆಟ್ ಮಕ್ಕಳಿಗೆ ಜಾಕೆಟ್ಟೇ ಅಲ್ಲ. ನೀರಿಗೆ ಬಿದ್ದರೆ ಅದು ಮೇಲಕ್ಕೆ ಜಾರುತ್ತದೆ, ಮಗು ಕೆಳಕ್ಕೆ. ಇನ್ನು ದಡ ಸೇರಲಾಗದೆ ನಡುನೀರಲ್ಲೇ ಗಾಳಿಗೆ ಸಿಕ್ಕಿಕೊಂಡರೆ ಯಾರೂ ಎದ್ದು ನಿಲ್ಲಬೇಡಿ, ಎಲ್ಲರೂ ಬೋಟಿನ ತಳದಲ್ಲಿ ಕೂತುಬಿಡಿ. ಮೂತಿ ಅಲೆಗೆ ಎದುರಾಗಿರಲಿ, ಪಕ್ಕೆ ಕೊಡಬೇಡಿ. ಮಗುಚಿದರೆ ಬೋಟನ್ನೇ ಹಿಡಿದುಕೊಂಡು ತೇಲಿ. ದಡ ಹತ್ತಿರವೇ ಇದೆ ಅಂತ ಕಾಣುತ್ತದೆ, ಅಲೆಯಲ್ಲಿ ಈಜಿದವರಿಗೆ ಗೊತ್ತು ಅದು ಎಷ್ಟು ದೂರ ಅಂತ.

ನಿಮ್ಮ ಕಡೆಯ ಬೋಡನ್‌ಗೆ ಒಂದು ಸಣ್ಣ ವಿಷಯ ಬಾಕಿ ಇದೆ. ದೀಪ ಆರಿದ ಕೂಡಲೇ ಬಾಡಿಗೆಯವನ ಹತ್ತಿರ ಓಡಬೇಡಿ. ದೀಪ ಆರಿತು ಅಂದರೆ ಗಾಳಿಯ ಎಚ್ಚರಿಕೆ ಮುಗಿಯಿತು ಅಂತ ಮಾತ್ರ. ಗಾಳಿ ನಿಂತ ಮೇಲೂ ಅಷ್ಟು ದೊಡ್ಡ ನೀರಿನಲ್ಲಿ ಅಲೆ ಬಹಳ ಹೊತ್ತು ಹೊಯ್ದಾಡುತ್ತಲೇ ಇರುತ್ತದೆ. ಅಪ್ಪ ಅಮ್ಮ ಮತ್ತೆ ಬಂದಾಗ ಬೆಳಿಗ್ಗೆ ಹತ್ತಕ್ಕೇ ಹೊರಡಿ, ಸಂಜೆಗಿಂತ ಅದೇ ವಾಸಿ. ಮತ್ತೆ ಅಮ್ಮ ಆ ಕಂಬದ ಕಡೆ ಕೈ ತೋರಿಸಿದರೆ ಮಾತಾಡದೆ ಬೋಟ್ ತಿರುಗಿಸಿ.